ಆರು ಬಿಳಿ ನಾಣ್ಯ

ನಾರಾಯಣಪುರದ ಕಾಲುವೆಯಲ್ಲಿ ಗೇಟು ತಿರುವುವ ದ್ಯಾವಪ್ಪನಿಗೆ ಊರಲ್ಲಿ ಬೆಳ್ಳಿ ದ್ಯಾವಪ್ಪ ಎಂದೇ ಹೆಸರು. ಕಾಲುವೆ ನೋಡಲು ಬಂದ ಕೆನಡಾದ ಎಂಜಿನಿಯರೊಬ್ಬ ಪಾಚಿಗೆ ಜಾರಿ ನೀರಿಗೆ ಬಿದ್ದಾಗ ಈತ ಕಾಲರು ಹಿಡಿದು ದಂಡೆಗೆ ಎಳೆದಿದ್ದ. ಆ ಪುಣ್ಯಾತ್ಮ ಊರಿಗೆ ಹೋಗುವಾಗ ಒಂದು ಪೆಟ್ಟಿಗೆ ಕೊಟ್ಟ. ಒಳಗೆ ಏಳು ನಾಣ್ಯ. ಸಂತೆಗಲ್ಲ, ಬರೀ ನೋಡಲಿಕ್ಕೆಂದು ಕನ್ನಡಿಯಂತೆ ಹೊಳೆಯಿಸಿ ಟಂಕಿಸಿದವು. ಒಂದು ತಾಮ್ರದ್ದು, ಬೆಳ್ಳಗಿದ್ದ ಆರೂ ಬೆಳ್ಳಿಯವು ಎಂದು ದ್ಯಾವಪ್ಪನೇ ತೀರ್ಪು ಕೊಟ್ಟುಕೊಂಡ. ಬೆಳ್ಳಗಿರುವುದೆಲ್ಲ ಹಾಲು ಎನ್ನುವ ಮನುಷ್ಯ.

ಹತ್ತು ವರ್ಷ ಹೀಗೆ ಮೆರೆದ. ಸ್ವಂತ ಊರು ಕಕ್ಕೇರಾದಲ್ಲಿ ಓಣಿಯವರು ದುರಗಮ್ಮನಿಗೆ ಬೆಳ್ಳಿ ಕಿರೀಟ ಮಾಡಿಸಬೇಕೆಂದು ಕೂತಾಗ ಬಾಯಿ ಸುಮ್ಮನಿರಲಿಲ್ಲ.

"ನನ್ನ ಆರೂ ಪಕ್ಕಾ ಬೆಳ್ಳಿ ಅದಾವ. ಅವ್ವನ ಕಿರೀಟಕ್ಕ ಅವೇ ಹೋಗ್ಲಿ" ಅಂದ.

ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಗಾಳಿಗೆ ಹೋಗುತ್ತಿತ್ತು. ಭಂಡಾರ ಮುಟ್ಟಿ ಹೇಳಿದ. ದೇವಿಯ ಅರಿಶಿಣ ಮುಟ್ಟಿ ಆಡಿದ ಮಾತು ಸುಳ್ಳಾದರೆ, ಅಂಥವನನ್ನು ಓಣಿಯಲ್ಲಿ ಮತ್ತೆ ಯಾರೂ ನಂಬುವುದಿಲ್ಲ.

ಹೆಂಡತಿ ಕರೆಮ್ಮನನ್ನು ಕರೆದುಕೊಂಡು ನಾಣ್ಯ ಕರಗಿಸಿ ಕಿರೀಟ ಮಾಡಿಸಲು ಸುರಪುರದ ಅಕ್ಕಸಾಲಿಗ ಪತ್ತಾರ ಮೋನಪ್ಪನಲ್ಲಿಗೆ ಹೋದ. ಮೋನಪ್ಪ ಅಯಸ್ಕಾಂತ ಹಿಡಿದ. ಟಪಟಪನೆ ಐದು ನಾಣ್ಯ ಹೋಗಿ ಅಂಟಿಕೊಂಡವು.

"ಬೆಳ್ಳಿ ಹಿಂಗ ಅಂಟೂದಿಲ್ಲಪಾ. ಇವು ನಿಕ್ಕಲ್."

ಉಳಿದ ದೊಡ್ಡ ಬಿಳಿ ನಾಣ್ಯವನ್ನು ಒರೆಗೆ ಹಚ್ಚಿದ. "ಇದರಾಗ ಅರ್ಧ ಬೆಳ್ಳಿ, ಅರ್ಧ ತಾಮ್ರ."

ದ್ಯಾವಪ್ಪ ನಾಣ್ಯಗಳನ್ನು ಪೆಟ್ಟಿಗೆಗೆ ತುಂಬಿಕೊಂಡ. ಕೊಟ್ಟರೆ ದೇವಿಯ ತಲೆಗೆ ನಿಕ್ಕಲ್, ಕೊಡದಿದ್ದರೆ ಭಂಡಾರಕ್ಕೆ ಸುಳ್ಳಾಡಿದವ. ಅತ್ತ ದರಿ, ಇತ್ತ ಪುಲಿ.

ಕರೆಮ್ಮ ತನ್ನ ಬೆಳ್ಳಿಯ ಕಾಲ್ಗಡಗ ಬಿಚ್ಚಿ ಮೋನಪ್ಪನ ಮುಂದಿಟ್ಟಳು. "ಇವನ್ನ ಕರಗಸ್ರಿ. ಯಾರರ ಕೇಳಿದ್ರ ನಾಣ್ಯದ್ದು ಅನ್ರಿ."

"ಬ್ಯಾಡ. ನಿನ್ನ ತವರಿನವು ಅವು."

"ಹಂಗಾರ ಓಣ್ಯಾಗ ನಿಂತು ನೀವ ಹೇಳ್ರಿ, ಬೆಳ್ಳಿ ಅಲ್ಲ ಅಂತ."

ಹೇಳುವ ಧೈರ್ಯ ಅವನಲ್ಲಿರಲಿಲ್ಲ. ನಾಚಿಕೆಯಿಂದ ಸತ್ತು ಹೋಗಬೇಕೆನಿಸಿತು, ಆದರೂ ಕಡಗ ಮೋನಪ್ಪನಲ್ಲೇ ಬಿಟ್ಟು ಎದ್ದ.

ಕಡಗದ ಬೆಳ್ಳಿಯ ಕಿರೀಟ ದೇವಿಯ ತಲೆಗೇರಿತು. ಹಿರಿಯರು ಅವನ ಹಣೆಗೆ ಭಂಡಾರ ಹಚ್ಚಿ ಸತ್ಯವಂತ ಎಂದರು. ಕುತ್ತಿಗೆಗೆ ಕುಣಿಕೆ ಬಿದ್ದದ್ದು ಆಗ. ಕಾಲುವೆ ನೀರಿನ ಪಾಳಿಗೆ ಯಾರ ಜಗಳವಾದರೂ ಅವನಿಗೇ ಕರೆ ಬರತೊಡಗಿತು.

"ಗೇಟು ಯಾವಾಗ ಬಿಟ್ಟಾರ ಅಂತ ದ್ಯಾವಪ್ಪ ಭಂಡಾರ ಮುಟ್ಟಿ ಹೇಳ್ಲಿ. ಆತ ಸುಳ್ಳಾಡೋ ಪೈಕಿ ಅಲ್ಲ."

ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಹೋಗುತ್ತಿದ್ದ, ಪ್ರತಿ ಸಲವೂ ನಿಜವನ್ನೇ ಹೇಳುತ್ತಿದ್ದ. ಆದರೂ ಅರಿಶಿಣದ ಬಟ್ಟಲಿಗೆ ಚಾಚಿದ ಕೈ ಗಡಗಡ ನಡುಗುತ್ತಿತ್ತು. ಜನ ಅದನ್ನು ಭಕ್ತಿ ಎಂದು ತಿಳಿದು ತಾವೂ ಕೈ ಮುಗಿಯುತ್ತಿದ್ದರು.