ಹುಮನಾಬಾದಿನಲ್ಲೊಂದು ತವರು

ಇವತ್ತು ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಜೋಳದ ಅರಳಿನ ವಾಸನೆ. ನಾಳೆ ನಾಗರಪಂಚಮಿ. ನನ್ನ ಹೆಂಡತಿ ಸಾವಿತ್ರಿ ಒಲೆಯ ಮುಂದೆ ಕುಳಿತು ಅರಳು ಹುರಿಯುತ್ತಿದ್ದಳು. ಸಿಡಿದು ನೆಲಕ್ಕೆ ಬಿದ್ದದ್ದನ್ನು ನಾನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನಿವೃತ್ತ ಕನ್ನಡ ಮಾಸ್ತರನಿಗೆ ಶೋಭಿಸುವ ಕೆಲಸವಲ್ಲ, ಒಪ್ಪುತ್ತೇನೆ. ನಮ್ಮ ಬಸವಕಲ್ಯಾಣದ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ನಮ್ಮ ಮನೆಯಿಂದಲೂ ಇವತ್ತು ಒಬ್ಬರು ತವರಿಗೆ ಹೊರಟಿದ್ದಾರೆ. ಅವರಿಗೆ ವಯಸ್ಸು ಎಂಬತ್ತೆರಡು. ಆ ತವರು ಸಿಕ್ಕಿದ್ದು ಎಂಬತ್ತನೆಯ ವಯಸ್ಸಿನಲ್ಲಿ. ಅದು ಹೇಗೆಂದು ನಿಮಗೆ ಹೇಳಬೇಕು. ನನ್ನ ಮರ್ಯಾದೆಗೆ ಕುಂದು ತರುವ ಭಾಗವೂ ಅದರಲ್ಲಿದೆ. ಅದನ್ನು ಬಿಟ್ಟು ಹೇಳಿದರೆ ಹೇಳಿದಂತಾಗುವುದಿಲ್ಲ.

ಅವರು ನನ್ನ ದೊಡ್ಡವ್ವ, ಗುರುಬಸವ್ವ. ನನ್ನ ತಂದೆಯ ಅಣ್ಣನ ಹೆಂಡತಿ. ನನ್ನ ಹೆತ್ತವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅವಳೇ. ಕೆಲವು ವರ್ಷಗಳಿಂದ ಅವಳಿಗೆ ಮರೆವು. ಮರೆವು ಒಮ್ಮೆಗೇ ಎಲ್ಲವನ್ನೂ ಒಯ್ಯುವುದಿಲ್ಲ. ಇತ್ತೀಚಿನದನ್ನು ಮೊದಲು ಒಯ್ಯುತ್ತದೆ. ಮಧ್ಯಾಹ್ನ ಉಂಡದ್ದು ಅವಳಿಗೆ ನೆನಪಿರುತ್ತಿರಲಿಲ್ಲ. ತವರೂರು ನಿರ್ಣಾದ ಬಾವಿಗೆ ಎಷ್ಟು ಮೆಟ್ಟಿಲಿದ್ದವೆಂಬುದು ನೆನಪಿರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಸೀರೆಯ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. "ಅಣ್ಣ ಕರಿಯಾಕ ಬರ್ತಾನ."

ತಪ್ಪು ಉತ್ತರ ಕೇಳಿದರೆ ತಿದ್ದದೆ ಇರಲಾರದ ರೋಗ ನನ್ನದು. "ದೊಡ್ಡವ್ವಾ, ಮಾಮಾ ತೀರಿಕೊಂಡು ಇಪ್ಪತ್ತ ವರ್ಷಾತು. ನಿರ್ಣಾದಾಗ ನಮ್ಮವ್ರು ಯಾರೂ ಇಲ್ಲ" ಅನ್ನುತ್ತಿದ್ದೆ. ಅವಳು ಆ ಸುದ್ದಿಯನ್ನು ಪ್ರತಿಸಲವೂ ಮೊದಲ ಸಲ ಕೇಳಿದವಳಂತೆ ಕೇಳಿ ಅಳುತ್ತಿದ್ದಳು. ಒಮ್ಮೆ ಸಾವಿತ್ರಿ, "ಎಷ್ಟ ಸಲ ಕೊಲ್ತೀರಿ ಆಕಿ ಅಣ್ಣನ್ನ?" ಎಂದಳು. ಇದು ಅರ್ಥವಾಗಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು.

ಎರಡು ವರ್ಷಗಳ ಹಿಂದೆ, ಪಂಚಮಿಯ ಹಿಂದಿನ ದಿನ, ಬೆಳಿಗ್ಗೆ ಮತ್ತೆ ಅದೇ ಮಾತಾಗಿತ್ತು. ಅತ್ತು ಸುಮ್ಮನಾದಳು. ನಾನು ಸಂತೆಗೆ ಹೋದೆ, ಸಾವಿತ್ರಿ ಹಿತ್ತಲಿನಲ್ಲಿದ್ದಳು. ಹತ್ತು ಗಂಟೆಗೆ ನೋಡಿದರೆ ದೊಡ್ಡವ್ವನ ಮಂಚ ಖಾಲಿ. ಗಂಟೂ ಇರಲಿಲ್ಲ.

ಗುಡಿ, ಕೆರೆಯ ದಂಡೆ, ಬೀಗರ ಮನೆಗಳನ್ನೆಲ್ಲ ಹುಡುಕಿದೆವು. ಮಧ್ಯಾಹ್ನ ಅವಳ ಫೋಟೋ, ಕೆಳಗೆ ನನ್ನ ನಂಬರು ಹಾಕಿ ಮೊಬೈಲಿನಲ್ಲಿ ನಮ್ಮ ಓಣಿಯ ಗುಂಪಿಗೆ ಕಳಿಸಿದೆ. ಮೂರು ಗಂಟೆಯ ಸುಮಾರಿಗೆ ಯಾರದೋ ಉತ್ತರ ಬಂತು: ಇಂಥ ಮುದುಕಿಯನ್ನು ಗಡ್ಡದವನೊಬ್ಬ ಆಟೋದಲ್ಲಿ ಕೂರಿಸಿಕೊಂಡು ಹೋದ. ಎಲ್ಲಿ, ಯಾವಾಗ ಎಂಬುದೇನೂ ಇರಲಿಲ್ಲ. ಅದೇ ಸುದ್ದಿಯನ್ನು ನನ್ನ ಮಾತಿನಲ್ಲಿ ಬರೆದು ಐದಾರು ಗುಂಪುಗಳಿಗೆ ಕಳಿಸಿದೆ: "ಗಡ್ಡದ ಆಟೋದವನೊಬ್ಬ ನಮ್ಮ ದೊಡ್ಡವ್ವನನ್ನು ಎತ್ತಿಹಾಕಿಕೊಂಡು ಹೋಗಿದ್ದಾನೆ. ಎಲ್ಲರಿಗೂ ತಿಳಿಸಿ."

ಮೂವತ್ತು ವರ್ಷ ಮಕ್ಕಳಿಗೆ ಕ್ರಿಯಾಪದ ಕಲಿಸಿದವನು ನಾನು. 'ಕೂರಿಸಿಕೊಂಡು ಹೋದ' ಎಂಬುದನ್ನು 'ಎತ್ತಿಹಾಕಿಕೊಂಡು ಹೋದ' ಎಂದು ಬದಲಿಸಿದರೆ ಏನಾಗುತ್ತದೆಂದು ಊರಿನಲ್ಲಿ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೆ.

ಒಂದು ತಾಸಿನಲ್ಲಿ ಮನೆಯ ಮುಂದೆ ಮೂವತ್ತು ನಲವತ್ತು ಜನ. ಮುಂದೆ ನಿಂತವನು ಸಂಗಮೇಶ, ನನ್ನ ಹಳೆಯ ವಿದ್ಯಾರ್ಥಿ, ಬಾಡಿಗೆಗೆ ಜೀಪು ಓಡಿಸುವವನು. "ಸರ್, ಆಟೋ ಸ್ಟ್ಯಾಂಡಿಗಿ ಹೋಗೋಣ ನಡೀರಿ. ಬಾಯಿ ಬಿಡಸ್ತೀವಿ" ಎಂದ. ಅಷ್ಟರಲ್ಲೇ ದಾರಿಯಲ್ಲಿ ಆಟೋದವರೊಬ್ಬರನ್ನು ತಡೆದು, ಕಾಲರ್ ಹಿಡಿದು, ಆಮೇಲೆ ಬಿಟ್ಟು ಬಂದಿದ್ದರಂತೆ. ಅವರು ನಮ್ಮ ಓಣಿಯ ಮಕ್ಕಳನ್ನೇ ದಿನಾ ಶಾಲೆಗೆ ಬಿಡುವವರು. ಅವರಿಗೂ ಗಡ್ಡವಿತ್ತು, ಅಷ್ಟೇ. ನಾನು ಬರೆದದ್ದು ಆಗಲೇ ನನ್ನ ಕೈ ಮೀರಿ ಹೋಗಿತ್ತು.

ಆಗ ಫೋನು ಬಂತು. ಗೊತ್ತಿಲ್ಲದ ನಂಬರು.

"ಸರ್, ಫೋಟೋದಾಗಿನ ಅಮ್ಮಾರು ನಮ್ಮ ಮನ್ಯಾಗ ಅದಾರ್ರಿ. ಹುಮನಾಬಾದದಾಗ. ಆರಾಮ ಅದಾರ, ಫಿಕರ್ ಮಾಡಬ್ಯಾಡ್ರಿ."

"ನೀವು ಯಾರ್ರಿ?"

"ನಾನ ರೀ, ಆ ಗಡ್ಡದಾಂವ. ಇಸ್ಮಾಯಿಲ್ ಅಂತಾರ್ರಿ ನನಗ."

ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಹಿಂದಿನಿಂದ ದೊಡ್ಡವ್ವನ ದನಿ ಬಂತು, ಅಣ್ಣನ ಹೆಂಡತಿಯನ್ನು ಕೇಳುವಂತೆ: "ವೈನಿ, ಅಣ್ಣ ಹೊಲದಿಂದ ಬಂದನೇನು?" ಅಷ್ಟು ನಿಶ್ಚಿಂತೆಯ ದನಿಯನ್ನು ನಾನು ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಅಷ್ಟಾದರೂ ಗುಂಪಿನಲ್ಲಿ ಯಾರೋ "ಹಿಡದಿಟ್ಟಿರಬೇಕು" ಎಂದರು. ಆಗ ಸಾವಿತ್ರಿ ಹೊಸ್ತಿಲಿಗೆ ಬಂದಳು.

"ಅಜ್ಜೀನ ಹುಡಕಾಕ ಬಂದೀರೋ, ಜಗಳ ಹುಡಕಾಕ ಬಂದೀರೋ? ಅಜ್ಜಿ ಬೇಕಾದವ್ರು ಗಾಡಿ ತಗೀರಿ. ಉಳದವ್ರು ಮನಿಗಿ ನಡೀರಿ."

ಸಂಗಮೇಶ ತಲೆ ಕೆಳಗೆ ಹಾಕಿ, "ನಾ ತರ್ತೀನ್ರಿ ಅಕ್ಕಾರ" ಎಂದು ಜೀಪು ತರಲು ಹೋದ. ಜನ ಒಬ್ಬೊಬ್ಬರಾಗಿ ಕರಗಿದರು.

ಇನ್ನೂ ಬಿಸಿಲಿರುವಾಗಲೇ ಹುಮನಾಬಾದ್ ಮುಟ್ಟಿದೆವು. ಎರಡು ಕೋಣೆಯ ಮನೆ, ಬಾಗಿಲಲ್ಲಿ ಆಟೋ. ಒಳಗೆ ಮಂಚದ ಮೇಲೆ ದೊಡ್ಡವ್ವ. ಇಸ್ಮಾಯಿಲ್ ಅವರ ತಾಯಿ ಹಲೀಮಾಬೀ ಅವಳ ಹಿಂದೆ ಕುಳಿತು ತಲೆ ಬಾಚುತ್ತಿದ್ದರು. ದೊಡ್ಡವ್ವನ ಹಣೆಯ ಮೇಲೆ ಅಚ್ಚುಕಟ್ಟಾಗಿ ಎಳೆದ ವಿಭೂತಿ ಇತ್ತು.

ನಡೆದದ್ದು ಇಷ್ಟು. ದೊಡ್ಡವ್ವ ಬೆಳಿಗ್ಗೆ, ನಿರ್ಣಾದ ದಾರಿಯಲ್ಲಿರುವ ಹುಮನಾಬಾದಿನ ಬಸ್ಸು ಹತ್ತಿದ್ದಾಳೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಮುದುಕಿಯನ್ನು ಯಾರೂ ಹೆಚ್ಚು ಕೇಳಿಲ್ಲ. ಇಳಿದ ಮೇಲೆ ನಿಲ್ದಾಣದಲ್ಲಿ ದಿಕ್ಕು ತಪ್ಪಿ ಕುಳಿತವಳನ್ನು ಇಸ್ಮಾಯಿಲ್ ನೋಡಿದ್ದಾರೆ. ಅಲ್ಲಿದ್ದ ಪೊಲೀಸರಿಗೆ ತಿಳಿಸಿ, ತಮ್ಮ ನಂಬರು ಕೊಟ್ಟು, ಬಿಸಿಲಿನಲ್ಲಿ ಕೂರಿಸುವುದು ಬೇಡವೆಂದು ತಾಯಿಯ ಹತ್ತಿರ ಕರೆತಂದಿದ್ದಾರೆ. ಊರು ಕೇಳಿದರೆ ನಿರ್ಣಾ ಅಂದಿದ್ದಾಳೆ. ಇಸ್ಮಾಯಿಲ್ ದಿನದ ದುಡಿಮೆ ಬಿಟ್ಟು ನಿರ್ಣಾಕ್ಕೆ ಹೋಗಿ ಮನೆಮನೆ ವಿಚಾರಿಸಿದ್ದಾರೆ. ಗುರುತಿಸುವವರು ಯಾರೂ ಸಿಗದೆ ಮರಳಿದಾಗ, ಸ್ಟ್ಯಾಂಡಿನಲ್ಲಿ ಗೆಳೆಯರೊಬ್ಬರು ಮೊಬೈಲು ತೋರಿಸಿದ್ದಾರೆ. ಅದರಲ್ಲಿ ದೊಡ್ಡವ್ವನ ಫೋಟೋ, ಜೊತೆಗೆ ನನ್ನ ಮಾತು.

"ಮುಂಜಾನಿಂದ ಏನೂ ತಿಂದಿದ್ದಿಲ್ರಿ," ಎಂದರು ಹಲೀಮಾಬೀ. "ಊಟಕ್ಕ ಕರದ್ರ, ಲಿಂಗಪೂಜಿ ಆಗಿಲ್ಲ ಅಂದ್ರು. ಹಿಂದಿನ ಓಣ್ಯಾಗ ನಿಮ್ಮ ಪೈಕಿ ಮನಿ ಅದರಿ. ಅಲ್ಲಿಂದ ವಿಭೂತಿ, ಪತ್ರಿ ತಂದೆ. ತಂಬಿಗಿ ನೀರೂ ಅವರದ, ರೊಟ್ಟಿ ಪಲ್ಯಾನೂ ಅವರದ. ಕೊಳ್ಳಾಗಿನ ಲಿಂಗ ಬಿಚ್ಚಿ ಪೂಜಿ ಮಾಡ್ಕೊಂಡು ಆಮ್ಯಾಲೆ ಉಂಡ್ರು."

"ನಿಮ್ಮ ಮನ್ಯಾಗಿಂದ ಕೊಟ್ಟಿದ್ರೂ ಉಣ್ತಿದ್ಲಲ್ರಿ. ಆಕಿಗಿ ಈಗ ಅದೆಲ್ಲ ಗೊತ್ತಾಗಂಗಿಲ್ಲ," ಎಂದಳು ಸಾವಿತ್ರಿ.

"ಉಣ್ತಿದ್ರು ಬಿಡ್ರಿ. ಆದ್ರ ಆಕಿಗಿ ಖಬರಿಲ್ಲ ಅಂತ ನಾವು ಆಕಿ ನೇಮ ಮುರಿಯೋದು ಸರಿ ಏನ್ರಿ? ಖಬರ್ ಇದ್ದವ್ರು ನಾವಲ್ಲ?"

ಅವರು ಅದನ್ನು ದೊಡ್ಡ ಮಾತೆಂದು ಹೇಳಲಿಲ್ಲ. ಬಾಚಣಿಗೆಗೆ ಸಿಕ್ಕ ಬಿಳಿ ಕೂದಲನ್ನು ಬಿಡಿಸುತ್ತ ಹೇಳಿದರು. ಖಬರಿದ್ದವನಾದ ನಾನು ಅವತ್ತು ಏನು ಮಾಡಿದ್ದೆನೆಂಬುದು ನಿಮಗೆ ಗೊತ್ತೇ ಇದೆ.

"ಇಸ್ಮಾಯಿಲ್ ಅವರ, ಆ ಮಾತು ಬರದಾಂವ ನಾನ," ಎಂದೆ.

"ಗೊತ್ತದರಿ. ಕೆಳಗ ನಿಮ್ಮ ನಂಬರ್ ಇತ್ತಲ್ರಿ." ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅಂಜಿಕಿ ಬಂತ್ರಿ. ನಾಕ ಸಲ ನಂಬರ್ ಒತ್ತಿ ನಾಕ ಸಲ ಬಿಟ್ಟೆ. ಅಮ್ಮಿ ಅಂದಳು, ಆ ಮನ್ಯಾಗೂ ಯಾರರ ಉಣ್ಣದ ಕುಂತಿರ್ತಾರ, ಫೋನ್ ಮಾಡೋ ಅಂತ. ಮಾಡಿದೆ."

ಕೈ ಮುಗಿದೆ. ಸಂಗಮೇಶ ಹೊರಗೆ ಹೋಗಿ ಆಟೋದ ಪಕ್ಕ ನಿಂತುಬಿಟ್ಟ.

ದೊಡ್ಡವ್ವ ಮಾತ್ರ ಏಳಲೊಲ್ಲಳು. "ಪಂಚಮಿ ಮಾಡ್ಕೊಂಡ ಬರ್ತೀನಿ. ತವರಿಗಿ ಬಂದು ಒಂದ ದಿನಾನೂ ಇರಬಾರ್ದೇನು?" ನಾನು ತಿದ್ದಲು ಬಾಯಿ ತೆರೆದೆ. ಹಲೀಮಾಬೀ ನನಗಿಂತ ಮೊದಲು, "ಇರವ್ವ, ಯಾರ ಬ್ಯಾಡಂದ್ರು?" ಎಂದರು. ಅವಳೊಂದಿಗೆ ಸಾವಿತ್ರಿಯೂ ಉಳಿದಳು. ಮರುದಿನ ಹಿಂದಿನ ಓಣಿಯವರ ಮನೆಯಲ್ಲಿ ಜೋಕಾಲಿ ಕಟ್ಟಿದ್ದರಂತೆ. ಎಂಬತ್ತರ ದೊಡ್ಡವ್ವ ಕುಳಿತಳಂತೆ, ಹಲೀಮಾಬೀ ಮೆಲ್ಲಗೆ ತೂಗಿದರಂತೆ.

ಅವತ್ತೇ ಸಂಜೆ ವಾಪಸು ಬರುವಾಗ ಜೀಪಿನಲ್ಲಿ ನಾವಿಬ್ಬರೇ. ಕಲ್ಯಾಣ ಹತ್ತಿರವಾದಾಗ ಸಂಗಮೇಶ, "ಸರ್, ಮೊದಲ ಆ ಆಟೋದವ್ರ ಮನಿಗಿ ಹೋಗೋಣೇನ್ರಿ? ಕಾಲರ್ ಹಿಡದಾಂವ ನಾನ" ಎಂದ. ಹೋದೆವು. ಅವರು ಬಾಗಿಲಲ್ಲೇ ನಿಂತು ನಮ್ಮ ಮಾತು ಕೇಳಿದರು. "ಇಪ್ಪತ್ತ ವರ್ಷಾತ್ರಿ ನಿಮ್ಮ ಓಣ್ಯಾಗ ತಿರಗಾಕತ್ತು" ಎಂದರು, ಅಷ್ಟೇ. ಒಳಗೆ ಕರೆಯಲಿಲ್ಲ. ಕರೆಯಬೇಕೆಂದು ಕೇಳುವ ಹಕ್ಕೂ ನಮಗಿರಲಿಲ್ಲ. ಹಬ್ಬದ ಮರುದಿನ ಮಾತ್ರ ಎಂದಿನ ಹೊತ್ತಿಗೆ ಬಂದು ಮಕ್ಕಳನ್ನು ಹತ್ತಿಸಿಕೊಂಡರು. ಕಿಟಕಿಯಿಂದ ಅದನ್ನು ನೋಡಿ ನಾನು ಬಿಟ್ಟ ಉಸಿರು ಎರಡು ದಿನದಿಂದ ಹಿಡಿದಿಟ್ಟದ್ದು.

ತಪ್ಪೊಪ್ಪಿಗೆಯನ್ನೂ ಅವೇ ಗುಂಪುಗಳಿಗೆ ಬರೆದು ಕಳಿಸಿದೆ. ಮೊದಲಿನದು ಓಡಿತ್ತು, ಇದು ಕುಂಟಿತು. ಹಾಗಾಗಿ ಹಿಟ್ಟಿನ ಗಿರಣಿ, ಚಹಾದಂಗಡಿ, ಕಟಿಂಗ್ ಅಂಗಡಿಗಳಿಗೆಲ್ಲ ಕಾಲ್ನಡಿಗೆಯಲ್ಲೇ ತಿರುಗಿ ಬಾಯಿಂದ ಹೇಳಿದೆ. ಒಂದು ವಾರ ಹಿಡಿಯಿತು. ಕೆಲವರು ನಕ್ಕರು. ನಗಲಿ ಎಂದುಕೊಂಡೆ.

ದೊಡ್ಡವ್ವನನ್ನು ತಿದ್ದುವುದನ್ನು ನಿಲ್ಲಿಸಿದ್ದೇನೆ. ಅಣ್ಣ ಎಲ್ಲಿ ಅಂದರೆ "ಹೊಲಕ್ಕ ಹೋಗ್ಯಾನ" ಅನ್ನುತ್ತೇನೆ. ಅವಳು ಸಮಾಧಾನದಿಂದ ತಲೆಯಾಡಿಸುತ್ತಾಳೆ.

ಇವತ್ತು ಸಂಗಮೇಶನೇ ನಮ್ಮನ್ನು ಹುಮನಾಬಾದಿಗೆ ಕರೆತಂದ. ಹಲೀಮಾಬೀ ಕೈ ಹಿಡಿದು ದೊಡ್ಡವ್ವನನ್ನು ಇಳಿಸಿಕೊಂಡರು. ಈ ಶ್ರಾವಣಕ್ಕೆ ನನ್ನ ಮುಖವೂ ಅವಳ ನೆನಪಿನಿಂದ ಜಾರಿದೆ. ಮೊದಲಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದೆ. ಹೊಸ್ತಿಲು ದಾಟುವಾಗ ಅವಳು ಹಿಂತಿರುಗಿ ನನ್ನನ್ನೇ ದಿಟ್ಟಿಸಿ, "ವೈನಿ, ಇವ್ರು ಯಾರ ಪೈಕಿ?" ಎಂದು ಕೇಳಿದಳು.

"ನಮ್ಮ ಪೈಕೀನೇ ಅವ್ವಾ," ಎಂದರು ಹಲೀಮಾಬೀ.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.