ಬೀಗದಪ್ಪ
ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ದಿನ ಅವನು ಸಾಮಾನು ಬಿಚ್ಚುವ ಮೊದಲೇ, ಮಗಳು ಕಂಡಿದ್ದೆಲ್ಲ ನೋಡದಂತೆ ಟಿವಿಗೆ ಗುಟ್ಟಿನ ಅಂಕಿಯ ಬೀಗ ಹಾಕುತ್ತ ಕೂತಿದ್ದ. ನಾನು ಅವನಿಗೆ ಬೀಗದಪ್ಪ ಎಂದೇ ಹೆಸರಿಟ್ಟೆ. ಅವಳ ಪ್ರತಿ ಸಿನಿಮಾವನ್ನೂ ಮೊದಲು ತಾನು ನೋಡುತ್ತಾನೆ, ದೆವ್ವ ಬಂದರೆ ತಾನೇ ಕಣ್ಣು ಮುಚ್ಚುತ್ತಾನೆ, ಅಂಕಿ ಮರೆತರೆ ಆ ಪುಟ್ಟಿಯನ್ನೇ ಕೇಳುತ್ತಾನೆ. ಬಾತುಕೋಳಿ ಮರಿಯ ಚಿತ್ರಕ್ಕೂ ಬೀಗ ಬಿದ್ದಾಗ ನಕ್ಕೆ: "ಪಾಪ, ಬಾತುಕೋಳಿ ನಿಂಗೇನು ಮಾಡಿತ್ತಪ್ಪಾ?" "ಅದ್ರಲ್ಲಿ ಮರಿಯ ಅಮ್ಮ ಸತ್ತೋಗುತ್ತೆ ಅಜ್ಜಿ," ಎಂದ. ಅವನ ಹೆಂಡತಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅಮ್ಮ ಸಾಯುವ ಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ಬೀಗ ಹಾಕಿದ್ದ. ನಿನ್ನೆ ಸಂಜೆ ಮೆಟ್ಟಿಲಿಳಿದು ಬಂದು ನನ್ನ ಬಾಗಿಲಲ್ಲಿ ನಿಂತ. "ಗೋಡೆಗೆ ಅಮ್ಮನ ಫೋಟೋ ಹಾಕಪ್ಪಾ ಅಂತ ಮಗಳೇ ಕೇಳಿದ್ಲು ಅಜ್ಜಿ. ಬಾತುಕೋಳಿ ಬೀಗ ತೆಗೀತಿದೀನಿ. ಅವಳ ಪಕ್ಕ ನಾನಿರ್ತೀನಿ, ನನ್ನ ಪಕ್ಕ ನೀವು ಕೂತ್ಕೋತೀರಾ?"