ವಾರಸುದಾರರಿರುವ ನಾಯಿ

ಬೆಳಿಗ್ಗೆ ಆರಕ್ಕೆ ಕುಷ್ಟಗಿಯ ಆ ಓಣಿಯಲ್ಲಿ ಗೇಟುಗಳು ತೆರೆಯುತ್ತಿದ್ದದ್ದು ಮನುಷ್ಯರಿಗಲ್ಲ, ನಾಯಿಗಳಿಗೆ. ಉಳ್ಳವರ ಮನೆಯ ನಾಯಿಗಳು ಹೊರಬಿದ್ದು, ಇಲ್ಲದವರ ಬಾಗಿಲ ಮುಂದೆ ಹೊಲಸು ಮಾಡಿ, ನಳಕ್ಕೆ ಹೊರಟ ಹೆಂಗಸರನ್ನು ಬೆದರಿಸಿ, ಏಳರ ಹೊತ್ತಿಗೆ ಹಾಲು ಕುಡಿಯಲು ಮನೆಗೆ ಮರಳುತ್ತಿದ್ದವು. ಇದಕ್ಕೆ ಅಲ್ಲಿ ನಾಯಿ ಸಾಕುವುದು ಎಂದು ಹೆಸರು. ಮಹಡಿಯ ಮೇಲೆ ಹಲ್ಲುಜ್ಜುತ್ತ ನಿಂತ ಮಾಲೀಕ, "ಏನೂ ಮಾಡಂಗಿಲ್ರಿ, ಹೋಗ್ರಿ" ಎಂದು ಒಂದು ಮಾತು ಒಗೆದರೆ ಅವನ ಜವಾಬ್ದಾರಿ ಮುಗಿಯಿತು.

ಹಗ್ಗ ಹಿಡಿದು ನಾಯಿ ತಿರುಗಿಸುತ್ತಿದ್ದವಳು ಹುಲಿಗವ್ವ ಒಬ್ಬಳೇ. ವಯಸ್ಸು ಅರವತ್ತು ದಾಟಿತ್ತು. ಅವಳ ನಾಯಿ ಚಂದ್ರಿ, ಕಂದು ಬಣ್ಣದ ನಾಟಿ ನಾಯಿ, ಹಣೆಯ ಮೇಲೊಂದು ಬಿಳಿ ಚುಕ್ಕೆ, ಹಿಂಗಾಲು ಒಂಚೂರು ಕುಂಟು. ಚಂದ್ರಿಯನ್ನು ಅವಳು ಗೋಡೆಯ ಕಡೆಗೆ ಹಾಕಿಕೊಂಡು ನಡೆಯುವಳು. ಬೈಕು ಬಂದರೆ ನಿಂತು ಹಗ್ಗ ಗಿಡ್ಡ ಮಾಡುವಳು. ಕೊಡ ಹೊತ್ತವರು ಎದುರಾದರೆ ತಾನೇ ಆಚೆ ಬದಿಗೆ ದಾಟುವಳು. ಬೀದಿನಾಯಿ ಗುರ್ ಎಂದರೆ ಕಲ್ಲೆತ್ತದೆ, ಓಡದೆ, ನಡುವೆ ತಾನು ಅಡ್ಡ ನಿಲ್ಲುವಳು. ಸೊಂಟದಲ್ಲಿ ಒಂದು ಚೀಲ ಬೂದಿ, ಒಂದು ತಗಡಿನ ಚೂರು. ಚಂದ್ರಿ ಕೂತೆದ್ದ ಜಾಗವನ್ನು ಬಳಿದೇ ಮುಂದೆ ಹೋಗುವಳು.

ಓಣಿಗೆ ಇದೊಂದು ತಮಾಷೆ.

"ಹುಲಿಗಕ್ಕಾ, ಎಮ್ಮಿ ಹೊಡ್ಕೊಂಡು ಯಾವ ಹೊಲಕ್ಕ ಹೊಂಟಿ?"

"ನಿನ್ನ ಕಾಲು ಉಳಸಾಕ ಹೊಂಟೀನಿ, ಸುಮ್ಕಿರೋ" ಎಂದು ಅವಳೂ ಬಿಡುತ್ತಿರಲಿಲ್ಲ.

ನಗುವವರಿಗೇನು ಗೊತ್ತು? ಬೇವೂರಿನ ಹೆಣ್ಣುಮಗಳು ಅವಳು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಇವಳಿಗೆ ಬಂತು. ದನದ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಸಗಣಿ ಬಳಿದು, ಕೋಡು ಹಿಡಿದು, ಸೂಜಿ ಕುದಿಸಿಕೊಟ್ಟವಳು. ಹುಚ್ಚುನಾಯಿ ಕಚ್ಚಿದ ಎಮ್ಮೆ ಗೂಟಕ್ಕೆ ತಲೆ ಜಜ್ಜಿಕೊಂಡು ಸತ್ತದ್ದನ್ನು ಕಣ್ಣಾರೆ ಕಂಡಿದ್ದಳು. ಅದರ ಬಾಯಿಗೆ ಬರಿಗೈ ಹಾಕಿದ್ದ ರೈತ ಎರಡು ತಿಂಗಳ ಮೇಲೆ, ಚರಿಗೆಯ ನೀರು ಕಂಡರೆ ಬೆಚ್ಚುತ್ತ, ಹೆಂಡತಿ ಮಕ್ಕಳ ಮುಂದೆಯೇ ಜೀವ ಬಿಟ್ಟಿದ್ದ. ಆ ರೈತನ ಹೆಂಡತಿ ದವಾಖಾನೆಯ ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ಹುಲಿಗವ್ವ ಮರೆತಿರಲಿಲ್ಲ. ಯಾರೋ ಕುರಿಯವರು ಕಾಲು ಮುರಿದ ನಾಯಿಮರಿಯೊಂದನ್ನು ದವಾಖಾನೆಯಲ್ಲಿ ಬಿಟ್ಟು ಹೋದಾಗ, ನಿವೃತ್ತಿಯ ವರ್ಷ ಅದನ್ನು ಮನೆಗೆ ತಂದಳು. ತಂದ ದಿನವೇ ಕೊರಳಿಗೆ ಪಟ್ಟಿ ಹಾಕಿದಳು, ವರ್ಷವರ್ಷ ಸೂಜಿ ಹಾಕಿಸಿದಳು.

ಆ ಓಣಿಯಲ್ಲಿ ಅವಳಿಗೆ ಹತ್ತಿರದವಳೆಂದರೆ ದುರ್ಗಾದೇವಿ. ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ಒಬ್ಬನೇ ಮಗ ಗಾಳೇಶ, ವಿರುಪಾಕ್ಷಿ ಸಾವ್ಕಾರನ ಗೊಬ್ಬರದ ಅಂಗಡಿಯಲ್ಲಿ ಗಾಡಿ ಓಡಿಸುತ್ತಿದ್ದ. ಇದೇ ವಿರುಪಾಕ್ಷಿಯ ಮನೆಯಲ್ಲಿತ್ತು ಒಂದು ಕರೀ ನಾಯಿ, ಕರುವಿನಷ್ಟು ಎತ್ತರ. ದಿನಾ ಆರಕ್ಕೆ ಗೇಟು ತೆರೆದರೆ ಮೊದಲು ಹೊರಬೀಳುತ್ತಿದ್ದದ್ದು ಅದೇ.

ಒಂದು ಗುರುವಾರ ಆ ಕರೀ ನಾಯಿ ನಳದ ಹತ್ತಿರ ದುರ್ಗಾದೇವಿಯ ಮೀನಖಂಡಕ್ಕೆ ಬಾಯಿ ಹಾಕಿತು. ಹುಲಿಗವ್ವ ಹತ್ತು ಹೆಜ್ಜೆ ದೂರದಲ್ಲಿದ್ದಳು. ಚಂದ್ರಿಯನ್ನು ಲೈಟಿನ ಕಂಬಕ್ಕೆ ಬಿಗಿದು ಓಡಿದಳು. ಅರಿಶಿನ ತರಲು ಹೊರಟವರನ್ನು ಗದರಿ, ಗಾಯವನ್ನು ನಳದ ಕೆಳಗಿಟ್ಟು, ಬಟ್ಟೆ ಸಾಬೂನಿನಿಂದ ಕಾಲು ಗಂಟೆ ತೊಳೆದಳು. ದುರ್ಗಾದೇವಿ ಹಲ್ಲು ಕಚ್ಚಿ ಅಳುತ್ತಿದ್ದಳು.

"ಸಾವ್ಕಾರನ ನಾಯಿ ಯಕ್ಕಾ! ನಾ ಏನೂ ಅಂದಿಲ್ಲ ಅದಕ್ಕ."

"ಗೊತ್ತೈತಿ, ನೋಡೀನಿ. ಮೊದಲ ದವಾಖಾನಿಗಿ ನಡಿ."

ಆಟೋದಲ್ಲಿ ಕರೆದೊಯ್ದಳು. ಚೀಟಿ ಬರೆಯುವಾಗ ನರ್ಸಮ್ಮ ಕೇಳಿದಳು, ಬೀದಿನಾಯಿಯೋ ಸಾಕಿದ್ದೋ ಎಂದು. ದುರ್ಗಾದೇವಿ ಮೆಲ್ಲಗೆ, "ಬೀದೀದು ಅಂತ ಬರ್ಕೋರಿ" ಎಂದಳು. ಹುಲಿಗವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳ್ಯಾಕ ಬರಸ್ತಿ? ಸಾಕಿದ್ದೈತ್ರಿ, ಸಾಕಿದ್ದು ಅಂತನ ಬರೀರಿ. ಯಾವ ನಾಯಿ ಅಂತ ಗೊತ್ತಿದ್ರ, ಹುಚ್ಚು ಐತೋ ಇಲ್ಲೋ ಅಂತ ಅದರ ಮ್ಯಾಲೆ ಹತ್ತು ದಿನ ಕಣ್ಣಿಡಬಹುದು."

ಬರೆದರು; ಯಾರದೆಂದು ಬರೆಯುವ ಜಾಗ ಚೀಟಿಯಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷ ದಾಖಲೆಯ ಪುಸ್ತಕ ಒರೆಸಿಟ್ಟವಳಲ್ಲವೇ, ಬರೆದದ್ದು ಖರೆ ಇರಬೇಕು ಎನ್ನುವ ಹುಚ್ಚು ಅವಳಿಗೆ. ಆ ಒಂದು ಶಬ್ದ ತನ್ನ ಕೊರಳಿಗೇ ಬೀಳುತ್ತದೆಂದು ಅವಳಿಗೆ ಹೇಗೆ ಹೊಳೆಯಬೇಕು?

ಭಾನುವಾರ ಆ ಚೀಟಿಯ ಜಾಡು ಹಿಡಿದು ಪುರಸಭೆಯ ಕಡೆಯಿಂದ ಒಬ್ಬ ಬಂದ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿದರು. ಸಾಕುನಾಯಿ ಎಂದು ಬರೆದಿದೆ, ಹಾಗಾದರೆ ವಾರಸುದಾರರು ಯಾರು ಎಂದು ಅವನು ಕೇಳಿದ. ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ವಿರುಪಾಕ್ಷಿ ಚಹಾದ ಕಪ್ಪು ಕೆಳಗಿಟ್ಟು, "ನಮ್ದು ಅವತ್ತು ಕಟ್ಟಿಹಾಕಿತ್ರಿ" ಎಂದ. "ಈ ಓಣ್ಯಾಗ ದಿನಾ ನಾಯಿ ಹಿಡ್ಕೊಂಡು ತಿರುಗೋರು ಯಾರು, ಎಲ್ಲಾರಿಗೂ ಗೊತ್ತೈತಲ್ರಿ."

ಎಲ್ಲರಿಗೂ ಗೊತ್ತೇ ಇತ್ತು. ಬಿಟ್ಟ ನಾಯಿ ಯಾರದೂ ಅಲ್ಲ. ಹಗ್ಗದ ತುದಿಗೆ ಕೈ ಇರುವ ನಾಯಿ ಮಾತ್ರ ಒಬ್ಬರದು. ಒಬ್ಬ, "ಅವತ್ತು ಚಂದ್ರಿ ಕಂಬಕ್ಕ ಕಟ್ಟಿದ್ದು ನಾನೂ ನೋಡೀನಿ" ಎಂದ. ಇನ್ನೊಬ್ಬ, "ಕಚ್ಚಿದ ಮ್ಯಾಲೆ ಕಟ್ಟಿರಬೇಕು" ಎಂದ. ಅಬ್ಬಾ, ಎಂಥಾ ಜಾಣರು! ನಾಲ್ಕು ವರ್ಷದಲ್ಲಿ ಒಂದು ಸಲವೂ ಹಗ್ಗ ಬಿಡದವಳ ಬಗ್ಗೆ ಅಂದ ಮಾತು ಅದು.

"ಕಚ್ಚಿದ್ದು ಕರೀ ನಾಯಿ, ನಾ ನೋಡೀನಿ. ದುರ್ಗಾನ್ನ ಕೇಳ್ರಿ. ಅಕಿ ಹೇಳ್ತಾಳ" ಎಂದಳು ಹುಲಿಗವ್ವ. ಅವಳಿಗೆ ಅಷ್ಟು ಧೈರ್ಯವಿತ್ತು.

ದುರ್ಗಾದೇವಿ ಮೊದಲು ಮಗನ ಮುಖ ನೋಡಿದಳು. ಗಾಳೇಶ ಸಾವ್ಕಾರನ ಬೆನ್ನ ಹಿಂದೆ ನಿಂತಿದ್ದ. ಆಮೇಲೆ ನೆಲ ನೋಡುತ್ತ ಹೇಳಿದಳು: "ಕಂದು ನಾಯಿರಿ. ಹಣಿ ಮ್ಯಾಲೆ ಬಿಳಿ ಚುಕ್ಕಿ ಇತ್ರಿ."

 ಕಚ್ಚಿದ ದಿನದಿಂದ ಹತ್ತು ದಿನ ತುಂಬುವವರೆಗೆ ನಾಯಿಯನ್ನು ಮನೆಯಲ್ಲೇ ಕಟ್ಟಬೇಕು, ಜಡ್ಡು ಬಂದರೆ ತಿಳಿಸಬೇಕು ಎಂದು ಬರೆದ ಕಾಗದಕ್ಕೆ ಹುಲಿಗವ್ವ ಸಹಿ ಹಾಕಿ ಬಂದಳು. ಸಂಜೆ ದುರ್ಗಾದೇವಿಯ ಮನೆಗೆ ಹೋಗಿ ಒಂದೇ ಮಾತು ಕೇಳಿದಳು, "ಯಾಕ?"

"ನಿಂದು ನಾಯಿ ಯಕ್ಕಾ, ನಂದು ಮಗ" ಎಂದಳು ದುರ್ಗಾದೇವಿ. "ಹತ್ತು ದಿನ ಕಟ್ಟಿದ್ರ ನಾಯೇನು ಸಾಯ್ತೈತಿ?"

ಚಂದ್ರಿ ಸಾಯಲಿಲ್ಲ. ಅಂಗಳದ ಗೂಟಕ್ಕೆ ಕಟ್ಟಿಸಿಕೊಂಡು ಆರು ಗಂಟೆಗೆ ಎದ್ದು ಬಾಗಿಲು ನೋಡುತ್ತಿತ್ತು. ಹುಡುಗರು ತಗಡಿನ ಬಾಗಿಲಿಗೆ ಕಲ್ಲೆಸೆದು, "ಹುಚ್ಚುನಾಯಿ" ಎಂದು ಕೂಗಿ ಓಡುತ್ತಿದ್ದರು. ಹಾಲಿನವನು ಪಾಕೀಟನ್ನು ದೂರದಿಂದಲೇ ಒಗೆಯತೊಡಗಿದ. ಅದೇ ಹೊತ್ತಿಗೆ, ನಿಜವಾಗಿ ಕಚ್ಚಿದ ನಾಯಿಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ಕಚ್ಚಿದ ಒಂಬತ್ತನೇ ದಿನ, ತಾವರಗೇರಾ ರಸ್ತೆಯ ಬದಿ ಗಾಳೇಶ ತಳ್ಳುಗಾಡಿಯಲ್ಲಿ ಗೋಣಿಚೀಲವೊಂದನ್ನು ಒಯ್ಯುತ್ತಿದ್ದುದನ್ನು ಹುಲಿಗವ್ವ ಕಂಡಳು. ಚೀಲದ ಬಾಯಿಂದ ಕರೀ ಬಾಲ ಇಳಿಬಿದ್ದಿತ್ತು.

"ಏನಾಗಿತ್ತೋ ಅದಕ್ಕ?"

"ಎರಡು ದಿನ ಆತು, ನೀರು ಸುದ್ದಾ ಮುಟ್ಟಿಲ್ಲ. ಜೊಲ್ಲು ಸುರಸ್ತಿತ್ತು, ಕಂಡಕಂಡವರ ಮೈಮ್ಯಾಲೆ ಬರ್ತಿತ್ತು. ಹೂಳಿ ಬಾ ಅಂದ್ರು ಸಾವ್ಕಾರ್ರು. ಎಲ್ಲೂ ಬಾಯಿ ಬಿಡಬ್ಯಾಡ ಅಂತನೂ ಅಂದಾರ, ನೀ ಮತ್ತ ಯಾರಿಗೂ ಹೇಳಬ್ಯಾಡ."

ಹುಲಿಗವ್ವ ಗಾಡಿಗೆ ಅಡ್ಡ ನಿಂತಳು. "ಬರಿಗೈಲೆ ಮುಟ್ಟಿದೇನ?" ಎಂದು ಕೇಳಿದಳು. ಇಲ್ಲ, ಸಲಿಕೆಯಲ್ಲಿ ಎತ್ತಿ ಹಾಕಿದೆ ಎಂದ. "ನಿಮ್ಮವ್ವಗ ಎಲ್ಲಾ ಸೂಜಿ ಹಾಕ್ಸೋ" ಎಂದಳು. "ಮೂರಾಗ್ಯಾವಲ್ಲ, ಸಾಕು" ಎಂದು ಅವನು ನಕ್ಕು ಗಾಡಿ ತಳ್ಳಿದ.

ಮರುದಿನ ಪುರಸಭೆಯವರು ಬಂದು, ಚಂದ್ರಿ ಗಟ್ಟಿಮುಟ್ಟಾಗಿದೆ ಎಂದು ಬರೆದುಕೊಂಡು ಹೋದರು. ದುರ್ಗಾದೇವಿಗೆ ಮೂರು ಸೂಜಿ ಆಗಿದ್ದವು, ಎರಡು ಬಾಕಿ. ಕಚ್ಚಿದ ನಾಯಿಯೇ ಚೆನ್ನಾಗಿರುವಾಗ ಇನ್ನೇಕೆ ಸೂಜಿ ಎಂದು ಓಣಿಯೆಲ್ಲ ಅಂದಿತು, ಅವಳೂ ಅಂದಳು. ಕೇಳಿದ ಹುಲಿಗವ್ವ, ಸಾಯಲಿ ಬಿಡು, ಸುಳ್ಳಾಡಿದ ಗಂಟಲಲ್ಲಿ ನೀರಿಳಿಯದಿರಲಿ ಎಂದುಕೊಂಡಳು. ಅಂದುಕೊಂಡ ಮೇಲೆ ದವಾಖಾನೆಯ ಕಟ್ಟೆಯ ಮೇಲೆ ಅಳುತ್ತಿದ್ದ ರೈತನ ಹೆಂಡತಿ ನೆನಪಾಗಿ, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಹದಿನಾಲ್ಕನೇ ದಿನ ಅವಳೇ ಹೋದಳು. ದುರ್ಗಾದೇವಿ ರೊಟ್ಟಿ ಬಡಿಯುತ್ತಿದ್ದಳು.

"ಏಳು, ಸೂಜಿಗಿ ಹೋಗೂಣು."

"ನಿನ್ನ ನಾಯಿ ಛಲೋ ಐತಲ್ಲ ಯಕ್ಕಾ, ಸೂಜಿ ಯಾಕ?"

ನೋಡಿ, ತನ್ನ ಸುಳ್ಳನ್ನು ತಾನೇ ನಂಬಿ ಕೂತಿದ್ದಳು! ಹುಲಿಗವ್ವ ಹಿಟ್ಟಿನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ನಿನಗ ಕಚ್ಚಿದ್ದು ನನ್ನ ನಾಯೇನ? ಕಚ್ಚಿದ್ದು ಸತ್ತೈತಿ. ಜೊಲ್ಲು ಸುರಿಸಿ ಸತ್ತೈತಿ. ಅದನ್ನ ನಿನ್ನ ಮಗನೇ ಹೂಳ್ಯಾನ, ಕೇಳವನ್ನ."

ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ದುರ್ಗಾದೇವಿ ಅದನ್ನು ತೆಗೆಯಲೂ ಇಲ್ಲ, ಕೈ ತೊಳೆದು ಹಿಂದೆ ಬಂದಳು.

ದವಾಖಾನೆಯಲ್ಲಿ ನರ್ಸಮ್ಮ ಚೀಟಿ ನೋಡಿ, ನಾಯಿ ಚೆನ್ನಾಗಿದೆಯಂತಲ್ಲ ಎಂದಳು. ದುರ್ಗಾದೇವಿ ಸುತ್ತ ನೋಡಿ, ಅವಳ ಕಿವಿಯ ಹತ್ತಿರ ಹೋಗಿ ಹೇಳಿದಳು: "ಕಚ್ಚಿದ್ದು ಅದಲ್ರಿ. ಬ್ಯಾರೆ ನಾಯಿ. ಅದು ಸತ್ತೈತ್ರಿ." ಬೈಗುಳ ತಿಂದಳು, ನಾಲ್ಕನೇ ಸೂಜಿ ಹಾಕಿಸಿಕೊಂಡಳು. ಕೊನೆಯದಕ್ಕೆ ಇಪ್ಪತ್ತೆಂಟನೇ ದಿನ ಬರಬೇಕು, ತಪ್ಪಿಸಬಾರದು ಎಂದು ನರ್ಸಮ್ಮ ಎರಡು ಸಲ ಹೇಳಿದಳು.

ಬರುವಾಗ ಹುಲಿಗವ್ವ ಬೇಡಿಕೊಂಡಳು, "ಅಲ್ಲಿ ಹೇಳಿದ್ದನ್ನ ಓಣ್ಯಾಗ ಒಂದ ಸಲ ಹೇಳಬೇ. ನನ್ನ ನಾಯಿ ಮ್ಯಾಲೆ ಕಲ್ಲು ಬೀಳ್ತಾವು."

"ಗಾಳೇಶಗ ಬ್ಯಾರೆ ಕಡಿ ಕೆಲಸ ಸಿಗಲಿ ಯಕ್ಕಾ, ಹನುಮಪ್ಪನ ಆಣಿ, ಹೇಳ್ತೀನಿ."

ಓಣಿಯ ತಿರುವು ಬಂತು. ದುರ್ಗಾದೇವಿ ಸೆರಗನ್ನು ತಲೆಯ ಮೇಲೆಳೆದುಕೊಂಡು ನಿಂತಳು. "ನೀ ಮುಂದ ನಡಿ. ಕೂಡಿ ಬಂದ್ರ ನಾಕು ಮಂದಿ ಕೇಳ್ತಾರ."

ಹುಲಿಗವ್ವ ಒಬ್ಬಳೇ ನಡೆದಳು. ಗುಡಿಯ ಕಟ್ಟೆಯ ಮೇಲೆ ವಿರುಪಾಕ್ಷಿ ಕೂತಿದ್ದ, ಸುತ್ತ ಐದಾರು ಮಂದಿ. "ಏನ್ ಹುಲಿಗವ್ವಾ, ನಾಯಿ ಕಟ್ಟಿ ಬಂದಿಯಿಲ್ಲೋ? ಮತ್ತ ಯಾರಿಗರೆ ಕಚ್ಚೀತು" ಎಂದ. ಮಂದಿ ನಕ್ಕರು.

ಅವಳು ತಿರುಗಿ ನೋಡಿದಳು. ದುರ್ಗಾದೇವಿ ತಿರುವಿನ ತರಕಾರಿ ಗಾಡಿಯ ಮುಂದೆ ಬದನೆಕಾಯಿ ಆರಿಸುವವಳಂತೆ ಬೆನ್ನು ಹಾಕಿ ನಿಂತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ದುರ್ಗಾದೇವಿ ಎಲ್ಲರ ಮುಂದೆ ಇಲ್ಲ ಎನ್ನುತ್ತಾಳೆ. ಇಲ್ಲ ಎಂದ ಮೇಲೆ ಕೊನೆಯ ಸೂಜಿಗೆ ಬರುವುದಿಲ್ಲ.

"ಕಟ್ಟೀನ್ರಿ" ಎಂದಳು ಹುಲಿಗವ್ವ.